ಕ್ಲೀನ್ ಮಾಡದ ಫೋಟೋ

"ಇದರಲ್ಲಿರೋದು ನೀವಲ್ಲ. ನಿಮ್ಮ ತಂಗಿ ಇರಬೇಕು," ಎಂದ ಬಂದರಿನ ಗೇಟು ಕಾಯುವವನು, ಪಾಸನ್ನು ಬಿಸಿಲಿಗೆ ಹಿಡಿದು.

ಅವಳಿಗೆ ತಂಗಿಯೇ ಇರಲಿಲ್ಲ. ಇದ್ದದ್ದು ಎರಡೂ ಕೆನ್ನೆಗಳ ಮೇಲೆ ಹರಡಿದ ಕಪ್ಪು ಕಲೆ, ಹಣೆಯಂಚಿನಲ್ಲಿ ಮೊಡವೆ ಬಿಟ್ಟುಹೋದ ಒಂದಷ್ಟು ಗುರುತು, ಮತ್ತು ಇವತ್ತೇ ಶುರುವಾಗಬೇಕಿದ್ದ ಕೆಲಸ. ಹಡಗಿನಿಂದ ಕಂಟೇನರ್ ಇಳಿಸುವ ಕ್ರೇನ್ ನಡೆಸುವುದು. ಪಾಸಿನಲ್ಲಿದ್ದವಳ ಮುಖವೋ ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗಿತ್ತು. ಕಲೆಯೂ ಇಲ್ಲ, ಕಪ್ಪೂ ಇಲ್ಲ. ಸಂಜೆ ನಾಲ್ಕು ಗಂಟೆಯೊಳಗೆ ಸರಿಯಾದ ಫೋಟೋ ಬರದಿದ್ದರೆ ಈ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ಹೇಳಿ ಪಾಸ್ ಆಫೀಸಿನವರು ಕೈ ತೊಳೆದುಕೊಂಡರು.

ಅವಳು ಸ್ಟುಡಿಯೋ ಬಾಗಿಲು ತಳ್ಳಿದಾಗ ಫೋಟೋದವನು ಸ್ಕ್ರೀನಿನ ಮೇಲೆ ಯಾರದೋ ಮೂಗಿನ ಮಚ್ಚೆ ಅಳಿಸುತ್ತಿದ್ದ. ಪಾಸನ್ನು ನೇರವಾಗಿ ಅವನ ಕೀಬೋರ್ಡಿನ ಮೇಲಿಟ್ಟಳು.

"ನನ್ನ ಮುಖ ಎಲ್ಲಿ?"

ಅವನು ಒಮ್ಮೆ ಪಾಸನ್ನು ನೋಡಿದ, ಒಮ್ಮೆ ಅವಳನ್ನು. ಅವಳನ್ನು ನೋಡಿದ್ದು ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು. ಹೋದ ವಾರ ಫೋಟೋ ತೆಗೆಯುವಾಗಲೂ ಅಷ್ಟೇ. ಗಲ್ಲ ಒಂಚೂರು ಎತ್ತಿ, ಒಂಚೂರು ಇಳಿಸಿ ಎಂದು ಕಾಲು ಗಂಟೆ ಸತಾಯಿಸಿದ್ದ. ಸುಳ್ಳೇಕೆ, ಅವಳಿಗದು ಹಿತವಾಗಿಯೇ ಇತ್ತು. ಅದಕ್ಕೇ ಈಗ ಸಿಟ್ಟು ದುಪ್ಪಟ್ಟು.

ಅವಳ ಚಿಕ್ಕಮ್ಮ ಫೋನ್ ಮಾಡಿದ್ದರೆಂದು ಅವನು ತಡವರಿಸಿದ. ಗಂಡಿನ ಕಡೆಯವರಿಗೂ ಇದೇ ಫೋಟೋ ಹೋಗಬೇಕು, ಸ್ವಲ್ಪ ಕ್ಲೀನ್ ಮಾಡಪ್ಪ ಅಂದಿದ್ದರಂತೆ. ಇಲ್ಲಿ ನೂರಕ್ಕೆ ತೊಂಬತ್ತು ಜನ ಕೇಳುವುದು ಅದನ್ನೇ. ಕೇಳದವರಿಗೂ ಮಾಡಿಕೊಟ್ಟು ಅಭ್ಯಾಸ. ಉಪಕಾರವೆಂದುಕೊಂಡು ಪಾಸ್ ಆಫೀಸಿಗೂ ಅದನ್ನೇ ಕಳಿಸಿಬಿಟ್ಟಿದ್ದ.

"ಹೇಳಿದ್ದು ಅವರು," ಎಂದ ಕೊನೆಗೆ. "ಮಾಡಿದ್ದು ನಾನು. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

ಕೇಳಿದ್ದರೆ ಏನು ಹೇಳುತ್ತಿದ್ದಳೋ ಅದನ್ನೆಲ್ಲ ಅವಳು ಸ್ಟೂಲೆಳೆದು ಕೂತು ಹೇಳಿಯೇಬಿಟ್ಟಳು. ಬೆಳ್ಳಗಾಗಲೆಂದು ಚಿಕ್ಕಮ್ಮ ತಂದುಕೊಟ್ಟ ಕ್ರೀಮನ್ನು ಎರಡು ವರ್ಷ ಹಚ್ಚಿದ್ದು. ಮೊದಲ ತಿಂಗಳು ಮುಖ ಹೊಳೆದು ಮನೆಯವರೆಲ್ಲ ಹಾಡಿ ಹೊಗಳಿದ್ದು. ಆಮೇಲೆ ಚರ್ಮ ತೆಳುವಾಗಿ, ಬಿಸಿಲಿಗೆ ಬಂದರೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿದು, ಬಿಟ್ಟ ಕೂಡಲೇ ಕಲೆ ಮೊದಲಿಗಿಂತ ಕಪ್ಪಾಗಿ ಮರಳಿದ್ದು. ಅದರಲ್ಲಿ ಸ್ಟೀರಾಯ್ಡ್ ಇದೆ, ಯಾರನ್ನು ಕೇಳಿ ಹಚ್ಚಿದಿರಿ ಎಂದು ಚರ್ಮದ ಡಾಕ್ಟರು ಬೈದದ್ದು. ಈಗ ಡಾಕ್ಟರೇ ಕೊಟ್ಟ ಔಷಧಿ ನಡೆದಿದೆ. ಚಿವುಟಬಾರದು, ಉಜ್ಜಬಾರದು, ನಿಂಬೆಹಣ್ಣಿನ ತಂಟೆಗಂತೂ ಹೋಗಬಾರದು, ತಿಂಗಳುಗಟ್ಟಲೆ ಕಾಯಬೇಕು. ಕಲೆ ಕಡಿಮೆಯಾಗಬಹುದು. ಮೈಬಣ್ಣ ಬದಲಾಗುವುದಿಲ್ಲ, ಬದಲಾಗಬೇಕಾಗಿಯೂ ಇಲ್ಲ.

"ಕಲೆಗೆ ಔಷಧಿ ಮಾಡ್ತೀನಿ, ಅದು ನನ್ನ ಚರ್ಮದ ಸಮಾಚಾರ. ಮುಖ ಬಚ್ಚಿಡೋಕಲ್ಲ," ಎಂದಳು. "ಹತ್ತು ಅಂತಸ್ತಿನ ಎತ್ತರಕ್ಕೆ ಹತ್ತೋಳು ನಾನು. ನಿಮ್ಮ ಮೌಸಿನ ಕೆಳಗೆ ಬಗ್ಗೋಳಲ್ಲ. ಈಗ ಫೋಟೋ ತೆಗೀರಿ."

ತೆಗೆದ. ಹಿಂದಿನ ಗೋಡೆ ಫಳಫಳ, ಅವಳ ಮುಖ ಮಾತ್ರ ಮಸಿ ಮೆತ್ತಿದಂತೆ ಬಂತು. ಅವಳು ಅವನ ಕೈಯನ್ನೇ ನೋಡುತ್ತಿದ್ದಳು. ಕೈ ಮೌಸಿನ ಕಡೆ ಹೋಗಲಿಲ್ಲ. ಅವನು ಎದ್ದು ಲೈಟಿನ ಕಡೆ ನಡೆದ.

"ತಪ್ಪು ನಿಮ್ಮ ಮುಖದ್ದಲ್ಲ. ಇದನ್ನ ಬೆಳ್ಳಗಿರೋರಿಗೆ ಅಂತಲೇ ನಿಲ್ಸಿದ್ದು, ನಮ್ಮಪ್ಪನ ಕಾಲದಲ್ಲಿ. ಇಲ್ಲೀತನಕ ಯಾರೂ ಅಲ್ಲಾಡ್ಸಿಲ್ಲ."

ಸ್ಟ್ಯಾಂಡಿನ ಕಾಲಿಗೆಂದು ನೆಲಕ್ಕೆ ಅಂಟಿಸಿದ್ದ ಹಳೇ ಟೇಪನ್ನು ಅವನು ಮಂಡಿಯೂರಿ ಉಗುರಿನಿಂದ ಕೆರೆದು ಕಿತ್ತ. ಲೈಟು ಪಕ್ಕಕ್ಕೆ ಸರಿಯಿತು, ಗೋಡೆಗೆ ಬೂದುಬಣ್ಣದ ಬಟ್ಟೆ ಬಂತು. ಮತ್ತೆ ಗಲ್ಲ ಎತ್ತಿ, ಗಲ್ಲ ಇಳಿಸಿ. ಈ ಸಲ ಅವನು ಎತ್ತಿ ಅಂದಾಗ ಅವಳು ಬೇಕೆಂದೇ ಇಳಿಸಿದಳು.

ಸ್ಕ್ರೀನಿನ ಮೇಲೆ ಬಂದ ಮುಖ ದಟ್ಟಗೆ, ತುಂಬಿಕೊಂಡು ಕೂತಿತ್ತು. ಕಲೆಗಳು ಇದ್ದಲ್ಲೇ ಇದ್ದವು. ಕಣ್ಣುಗಳು ಜಗಳಕ್ಕೆ ನಿಂತಂತೆ ಹೊಳೆಯುತ್ತಿದ್ದವು. ಕಳಿಸಿದ ಹತ್ತು ನಿಮಿಷಕ್ಕೆ ಪಾಸ್ ಆಫೀಸಿನವರು ಸರಿಯಾಗಿದೆ, ಬನ್ನಿ ಎಂದರು.

ಚಿಕ್ಕಮ್ಮನಿಗೂ ಇದನ್ನೇ ಕಳಿಸಿ ಎಂದಳು ಅವಳು. ಕಳಿಸಿದ್ದೇ ತಡ, ಫೋನ್ ಬಂತು. ಭಾನುವಾರ ಬರುವವರು ಇದನ್ನು ನೋಡಿದರೆ ಬಾಗಿಲಿಂದಲೇ ವಾಪಸ್ ಹೋಗುತ್ತಾರೆ ಎಂದು ಚಿಕ್ಕಮ್ಮ ಗೋಳಾಡಿದರೆ, ಬಾಗಿಲ ತನಕ ಬರುವ ಶ್ರಮವಾದರೂ ಉಳಿಯಲಿ ಎಂದು ಇವಳು ಫೋನಿಟ್ಟಳು.

ಫೋಟೋದವನು ಒರೆಸಿದ ಲೆನ್ಸನ್ನೇ ಮತ್ತೆ ಒರೆಸುತ್ತಿದ್ದ. "ಇದನ್ನ ನೋಡಿನೂ ಅವರು ಒಪ್ಪಿಬಿಟ್ರೆ?"

"ಒಪ್ಪಿದ್ರೆ ನಿಮಗೇನು ಕಷ್ಟ?"

"ಕಷ್ಟ ಇದೆ." ಅವನು ಲೆನ್ಸ್ ಕೆಳಗಿಟ್ಟ. "ಬೇರೆಯವರದ್ದು ಹತ್ತು ನಿಮಿಷದ ಕೆಲಸ. ಹೋದ ವಾರ ನಿಮ್ಮದನ್ನ ಕ್ಲೀನ್ ಮಾಡೋಕೆ ಮೂರು ಗಂಟೆ ಹಿಡೀತು. ಒಂದು ಕಲೆ ಅಳಿಸೋದು, ಮನಸ್ಸು ಬರದೆ ವಾಪಸ್ ತರೋದು. ಎಲ್ಲ ಹೋದ್ಮೇಲೆ ನೋಡಿದ್ರೆ ಅಲ್ಲಿ ಇನ್ಯಾರೋ ಕೂತಿದ್ರು. ನನಗೆ ಇಷ್ಟ ಆಗಿದ್ದೋಳು ಅವಳಲ್ಲ."

ಅವಳು ಸ್ಕ್ರೀನಿನ ಮೇಲಿದ್ದ ತನ್ನ ಮುಖವನ್ನು ಇನ್ನೊಮ್ಮೆ ನೋಡಿದಳು.

"ನಾಳೆ ಔಷಧಿಗೆ ಕಲೆ ಮಾಸಿಬಿಟ್ರೆ?"

"ಆಗಲೂ ನೀವೇ. ಮಾಸದಿದ್ರೂ ನೀವೇ."

"ಭಾನುವಾರ ನನಗೆ ಶಿಫ್ಟ್ ಇದೆ," ಎಂದಳು. "ಯಾರು ಮನೆಗೆ ಬಂದ್ರೂ ನಾನು ಇರಲ್ಲ. ಐದಕ್ಕೆ ಕ್ರೇನಿಂದ ಇಳೀತೀನಿ. ಬನ್ನಿ, ಕ್ಯಾಮೆರಾ ಬೇಡ."

"ಕ್ಯಾಮೆರಾ ಇಲ್ದೆ ಕೈ ಎಲ್ಲಿಡ್ಬೇಕು ಅಂತಲೇ ಗೊತ್ತಾಗಲ್ಲ ನನಗೆ."

"ಕಲೀರಿ."

ಹೊರಗೆ ಬಿಸಿಲು ಕಾದಿತ್ತು. ಅವಳು ಬ್ಯಾಗಿನಿಂದ ಸನ್‌ಸ್ಕ್ರೀನ್ ತೆಗೆದಳು. ಬಿಳಿಯದ್ದು ಹಚ್ಚಿದರೆ ಬೂದಿ ಬಳಿದಂತಾಗುತ್ತದೆಂದು ನಾಲ್ಕು ಕಡೆ ಹುಡುಕಿ ತಂದ ಕಂದುಬಣ್ಣದ್ದು. ಕನ್ನಡಿಯಿಲ್ಲದೆ ಅವಸರದಲ್ಲಿ ಹಚ್ಚಿಕೊಂಡಳು. ಬಲಗೆನ್ನೆಯ ಮೇಲೆ, ಕಲೆ ಎಲ್ಲಕ್ಕಿಂತ ಕಪ್ಪಗಿದ್ದ ಜಾಗದಲ್ಲಿ ಒಂದು ತೊಟ್ಟು ಹಾಗೇ ಉಳಿಯಿತು. ಬಾಗಿಲ ತನಕ ಜೊತೆಗೆ ಬಂದಿದ್ದ ಅವನ ಬೆರಳು ಅರ್ಧ ಎದ್ದು ಗಾಳಿಯಲ್ಲೇ ನಿಂತಿತು. ಅವಳು ಗಲ್ಲ ಒಂಚೂರು ಎತ್ತಿ ಆ ಕೆನ್ನೆಯನ್ನು ಅವನ ಕಡೆ ತಿರುಗಿಸಿದಳು.