ಅಡ್ಡಿ ಇದ್ದರೆ ತಿಳಿಸಿ

ನನಗೂ ಆರ್ಗನ್ ಮಾಸ್ತರಿಗೂ ಪರಿಚಯವಾದದ್ದು ಬೇರೆಯವರ ಮಗುವಿನ ದೆಸೆಯಿಂದ.

ಚರ್ಚಿನ ಗಂಟೆ ಬಾರಿಸುವವನ ಮಗಳಿಗೆ ಅಂದು ಜ್ಞಾನಸ್ನಾನ. ಜ್ಞಾನತಂದೆ, ಜ್ಞಾನತಾಯಿ ಆಗಬೇಕಿದ್ದ ದಂಪತಿಯ ಕಾರು ದಾರಿಯಲ್ಲೇ ಕೆಟ್ಟು ನಿಂತಿತ್ತು. ಆಗಿದ್ದ ಮುದಿ ಫಾದರ್‌ಗೆ ತಾಳ್ಮೆ ಎನ್ನುವುದು ಹೆಸರಿಗೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಮುಸುಕು ಹಾಕಿ ಜಪಸರ ಹಿಡಿದು ಕೂತಿದ್ದ ನನ್ನನ್ನು ನೋಡಿ "ನೀನು ಬಾ" ಎಂದರು. ಮೇಲೆ ಗಾಯಕರ ಅಟ್ಟದಲ್ಲಿ, ಅದೇ ವಾರ ಕೆಲಸಕ್ಕೆ ಸೇರಿ ಆರ್ಗನ್ ಕೊಳವೆಗಳ ಧೂಳು ಕೊಡವುತ್ತಿದ್ದವರಿಗೆ "ನೀವೂ ಇಳೀರಿ" ಎಂದರು.

ಇಳಿದು ಬಂದವರ ತಲೆಯಲ್ಲಿ ಜೇಡರ ಬಲೆ ಇತ್ತು. ಮಗುವಿನ ಭುಜ ಮುಟ್ಟುವ ಮುಂಚೆ ಬೆರಳುಗಳನ್ನು ಪ್ಯಾಂಟಿಗೆ ಒಂದೊಂದಾಗಿ ಒರೆಸಿಕೊಂಡರು. "ಜ್ಞಾನಸ್ನಾನ ಬಯಸುತ್ತೀಯಾ?" ಎಂದು ಫಾದರ್ ಲ್ಯಾಟಿನ್ನಿನಲ್ಲಿ ಮಗುವನ್ನು ಕೇಳುತ್ತಾರೆ. ಮಗುವಿನ ಪರವಾಗಿ ನಾವು ಉತ್ತರ ಕೊಡಬೇಕು. "ವೋಲೊ" ಎಂದೆವು ಇಬ್ಬರೂ ಒಟ್ಟಿಗೆ. ಬಯಸುತ್ತೇನೆ ಎಂದು ಅರ್ಥ. ಪರಿಚಯವಿಲ್ಲದ ಗಂಡಸಿನ ಪಕ್ಕ ನಿಂತು ಹೇಳುವ ಮಾತಲ್ಲ ಅದು. ಓರೆಗಣ್ಣಿನಲ್ಲಿ ನೋಡಿದೆ, ಅವರೂ ಓರೆಗಣ್ಣಿನಲ್ಲೇ ನೋಡುತ್ತಿದ್ದರು, ಕಿವಿ ಕೆಂಪಾಗಿತ್ತು. ನನಗೆ ಅವರು ಇಷ್ಟವಾದರು. ಸುತ್ತಿ ಬಳಸಿ ಹೇಳುವುದೇಕೆ?

ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಅದಕ್ಕೆ ತಣ್ಣೀರೆರಚಿದಳು. ಅತ್ತೆ ಎಂದರೆ ಅಪ್ಪನ ಅಕ್ಕ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಮದುವೆಯಾಗದವಳು, ಪೂಜಾಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸವನ್ನು ಜೀವಮಾನವಿಡೀ ಮಾಡಿದವಳು.

"ಇವತ್ತಿಂದ ನೀವಿಬ್ರೂ ದೇವರ ಮುಂದೆ ಅಣ್ಣ ತಂಗಿ, ತಿಳೀತಾ?" ಎಂದಳು. "ಒಂದೇ ಮಗು ಮೇಲೆ ಕೈ ಇಟ್ಟೋರು ಮದುವೆ ಆಗೋ ಹಾಗಿಲ್ಲ. ಚರ್ಚಿನ ಕಾನೂನು."

ನಾನು ಪ್ಯಾರಿಷ್ ಶಾಲೆಯ ಲ್ಯಾಟಿನ್ ಟೀಚರ್. ಕಾನೂನಿನ ದಪ್ಪ ಪುಸ್ತಕ ಸ್ಟಾಫ್ ರೂಮಿನ ಬೀರುವಿನಲ್ಲೇ ಇತ್ತು, ತೆಗೆದು ನೋಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಅತ್ತೆ ಹೇಳಿದ್ದೇ ವೇದವಾಕ್ಯ. ಮುಂದಿನ ಭಾನುವಾರ ನಾನು ಹಾಡಲು ಹೋದಾಗ ಅಟ್ಟದ ಮೆಟ್ಟಿಲ ಮೇಲೆ ಮಾಸ್ತರು ಫ್ಲಾಸ್ಕ್ ತೆರೆದು, "ಕಾಫಿ ಕುಡೀತೀರಾ? ಎರಡು ಲೋಟ ತಂದಿದೀನಿ" ಎಂದರು. ನಾನು ಲೋಟ ತೆಗೆದುಕೊಂಡು, ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಳ್ಳುವ ಹಾಗೆ, "ಥ್ಯಾಂಕ್ಸ್, ಅಣ್ಣ" ಎಂದೆ.

ಫ್ಲಾಸ್ಕ್ ಹಿಡಿದ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಬಿಸಿ ತಗುಲಿರಬೇಕು ಅಂದುಕೊಂಡೆ. ಅದರ ಮುಂದಿನ ವಾರ ಅವರು ಒಂದೇ ಲೋಟ ತಂದರು.

ಆ ಮಗು ಈಗ ನನ್ನ ಕ್ಲಾಸಿನಲ್ಲಿ ಕೂತು ಲ್ಯಾಟಿನ್ ವಿಭಕ್ತಿಗಳನ್ನು ರಾಗವಾಗಿ ಒಪ್ಪಿಸುವಷ್ಟು ದೊಡ್ಡದಾಗಿದೆ. ಅಷ್ಟೂ ವರ್ಷ ಭಾನುವಾರ ಭಾನುವಾರ ನಾನು ಆರ್ಗನ್ನಿನ ಪಕ್ಕ ನಿಂತು ಹಾಡಿದೆ, ಅವರ ಪುಸ್ತಕದ ಪುಟ ತಿರುಗಿಸಿದೆ. ಅವರು ಗದ್ದವನ್ನು ತುಸುವೇ ಎತ್ತುತ್ತಿದ್ದರು, ನಾನು ತಿರುಗಿಸುತ್ತಿದ್ದೆ. ಒಮ್ಮೊಮ್ಮೆ ಬೇಕೆಂದೇ ಒಂದು ಗಳಿಗೆ ತಡ ಮಾಡುತ್ತಿದ್ದೆ. ಆಗ ಹುಬ್ಬು ಏರಿಸಿ ನನ್ನ ಕಡೆ ನೋಡುತ್ತಿದ್ದರು. ವಾರಕ್ಕೆ ಆ ಒಂದು ನೋಟ ನನಗೆ ಸಾಕಾಗುತ್ತಿತ್ತು. ಸಾಕಾಗುತ್ತಿತ್ತು ಎನ್ನುವುದು ಸುಳ್ಳು, ಬೇರೆ ಇರಲಿಲ್ಲ ಅಷ್ಟೆ.

ಪೂಜೆ ಮುಗಿದ ಮೇಲೆ ಜನ ಗುಂಪು ಗುಂಪಾಗಿ ಮನೆಗೆ ಹೋಗುತ್ತಾರೆ, ಮಕ್ಕಳು, ಅಜ್ಜಿ, ಗಲಾಟೆ. ನಾನು ಶಾಲೆಯ ಹಿಂದಿನ ಮನೆಗೆ ಬಂದು, ಅತ್ತೆಗೆ ಬಡಿಸಿ, ಅವಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮುಗಿಸುತ್ತಿದ್ದೆ. ಆಮೇಲೆ ಕಾಪಿ ತಿದ್ದುವುದು. ಗಂಡು ಹುಡುಕುವ ಮಾತು ಮೊದಮೊದಲು ಬರುತ್ತಿತ್ತು, ನಾನು ಒಂದೊಂದು ನೆಪ ಹೇಳಿದೆ, ಕೊನೆಗೆ ಬರುವುದೂ ನಿಂತಿತು.

ಪಾಪನಿವೇದನೆಗೆ ತಪ್ಪದೆ ಹೋದವಳು ನಾನು. ಸಿಟ್ಟು, ಸೋಮಾರಿತನ, ಮಕ್ಕಳ ಕಿವಿ ಹಿಂಡಿದ್ದು, ಎಲ್ಲ ಹೇಳಿದೆ. ಇದೊಂದನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಬಿಡು ಅನ್ನುತ್ತಾರಲ್ಲ ಎಂಬ ಭಯ. ಬಿಡಲು ನನಗೆ ಮನಸ್ಸಿರಲಿಲ್ಲ.

ಹೀಗಿರುವಾಗ ಒಂದು ದಿನ ಅಟ್ಟದ ಮೆಟ್ಟಿಲಿಳಿಯುತ್ತಾ ಮಾಸ್ತರು, "ಈ ತಿಂಗಳ ಕೊನೇಲಿ ಮಠಕ್ಕೆ ಸೇರ್ತಿದೀನಿ" ಎಂದರು.

"ಯಾವ ಮಠ?"

"ಬೆಟ್ಟದ ಮೇಲಿಂದು. ಅಲ್ಲೂ ಒಂದು ಹಳೇ ಆರ್ಗನ್ ಇದೆಯಂತೆ." ನನ್ನ ಮುಖವನ್ನೇ ನೋಡುತ್ತಿದ್ದರು. "ಹುಡುಗನಾಗಿದ್ದಾಗ ಫಾದರ್ ಆಗೋಕೆ ಅಂತ ಸೇರಿ, ಸೆಮಿನರಿ ಬಿಟ್ಟು ಬಂದೋನು ನಾನು. ಈಗ ಮತ್ತೆ ಅದೇ ದಾರಿ."

"ಒಳ್ಳೇದಾಗ್ಲಿ, ಅಣ್ಣ" ಎಂದೆ. ಇನ್ನೇನು ಹೇಳಲಿ? ಸೀದಾ ಕ್ಲಾಸಿಗೆ ಹೋಗಿ, ಬರೆದದ್ದನ್ನೂ ಬರೆಯದೇ ಇದ್ದದ್ದನ್ನೂ ಬೋರ್ಡಿನಿಂದ ಒರೆಸಿದೆ. ಅಳು ನಿಲ್ಲುವವರೆಗೆ ಒರೆಸಿದೆ.

ಅದರ ಮರುವಾರವೇ ಆ ಪ್ರಕಟಣೆ. ನಮ್ಮಲ್ಲಿ ಮದುವೆಗೆ ಮುಂಚೆ ಜೋಡಿಯ ಹೆಸರನ್ನು ಮೂರು ಭಾನುವಾರ ಪೂಜೆಯ ಮಧ್ಯೆ ಓದುತ್ತಾರೆ. ಹೊಸ ಫಾದರ್ ಟೈಲರನ ಹೆಸರನ್ನೂ ಬೇಕರಿಯವರ ಮಗಳ ಹೆಸರನ್ನೂ ಓದಿ, "ಅಡ್ಡಿ ಇದ್ದರೆ ತಿಳಿಸಿ" ಎಂದರು. ಏನಾದರೂ ಗೊತ್ತಿದ್ದವರು ಆಮೇಲೆ ಹೋಗಿ ಗುಟ್ಟಾಗಿ ಹೇಳುವುದು ಪದ್ಧತಿ. ನಮ್ಮ ಅತ್ತೆ ಅಲ್ಲೇ ಎದ್ದು ನಿಂತಳು.

"ಇದೆ ಫಾದರ್. ಇವರಿಬ್ರೂ ಹೋದ ವರ್ಷ ನರ್ಸಮ್ಮನ ಮಗೂಗೆ ಜ್ಞಾನತಂದೆ ತಾಯಿ ಆಗಿದ್ರು. ಅಣ್ಣ ತಂಗಿ ಆದ ಹಾಗೆ. ಮದುವೆ ಹೆಂಗೆ ಮಾಡ್ತೀರಿ?"

ಚರ್ಚು ಪಿಸುಗುಟ್ಟಿತು. ಫಾದರ್ ಸಮಾಧಾನದಿಂದಲೇ ಹೇಳಿದರು. "ಅಮ್ಮ, ಹಾಗೇನಿಲ್ಲ. ಜ್ಞಾನತಂದೆ ಆ ಮಗುವನ್ನೇ ಮದುವೆ ಆಗೋ ಹಾಗಿರಲಿಲ್ಲ, ಅದೂ ಹಿಂದೆ. ಜ್ಞಾನತಂದೆ ಜ್ಞಾನತಾಯಿ ಮಧ್ಯೆ ಯಾವ ಅಡ್ಡೀನೂ ಇಲ್ಲ."

"ಮುಂಚೆ ಇತ್ತಲ್ವಾ? ನಾನು ಹುಡುಗಿ ಇದ್ದಾಗ?"

"ಆಗಲೂ ಇರಲಿಲ್ಲಮ್ಮ."

ಜನ ನಕ್ಕರು. ಅತ್ತೆ ಮಾತ್ರ ಕೂರುವುದನ್ನೇ ಮರೆತಂತೆ ನಿಂತಿದ್ದಳು. ಪಕ್ಕದವಳು ಸೆರಗು ಜಗ್ಗಿದ ಮೇಲೆ ಕೂತಳು.

ಅಟ್ಟದಲ್ಲಿ ಮಾಸ್ತರೂ ನಗುತ್ತಿದ್ದರು. ನನ್ನ ಕಡೆ ವಾಲಿ, "ಇಂಥದ್ದನ್ನೂ ನಂಬೋರು ಇದ್ದಾರಲ್ಲ" ಎಂದರು ಮೆಲ್ಲಗೆ.

"ಇದ್ದಾರೆ" ಎಂದೆ.

ನಾನು ನಗಲಿಲ್ಲ. ಅವರ ನಗು ನಿಂತುಹೋಯಿತು. ಏನೋ ಕೇಳಲು ಬಾಯಿ ತೆರೆದರು, ಅಷ್ಟರಲ್ಲಿ ಕೆಳಗೆ ಫಾದರ್ ವಿಶ್ವಾಸಪ್ರಮಾಣದ ಹಾಡು ಎತ್ತಿಕೊಂಡರು. ನುಡಿಸಲೇಬೇಕಾಯಿತು, ಸ್ವರ ತಪ್ಪಿದರು. ಅವರು ತಪ್ಪಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪೂಜೆ ಮುಗಿದದ್ದೇ ನಾನು ಓಡಿದ್ದು ಅತ್ತೆಯ ಬಳಿಗೆ. ಪೀಠದ ಹಿಂದಿನ ಕೋಣೆಯಲ್ಲಿ ಮಡಿಸಿಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

"ಯಾರತ್ತೆ ಅವರು?" ಎಂದು ಕೇಳಿದೆ.

ಯಾರು ಎಂದು ಅವಳು ಕೇಳಲಿಲ್ಲ. "ಬಡಗಿ. ಚರ್ಚಿನ ಬೆಂಚು ಮಾಡೋಕೆ ಬಂದಿದ್ದ. ಒಂದು ಮಗೂಗೆ ನಾವಿಬ್ರೂ ನಿಂತಿದ್ವಿ. ಮನೇಗೆ ಬಂದು ಹೆಣ್ಣು ಕೇಳಿದ. ನಮ್ಮಮ್ಮ ಕಾನೂನು ಅಂದಳು. ಪಾಪ, ತಲೆ ಬಗ್ಗಿಸಿಕೊಂಡು ಹೋದ. ಆಮೇಲೆ ಯಾವತ್ತೋ ತೀರಿಕೊಂಡನಂತೆ." ಬಟ್ಟೆಯ ಅಂಚನ್ನು ಉಗುರಿನಿಂದ ತೀಡಿದಳು. "ಯಾರನ್ನಾದ್ರೂ ಒಂದು ಮಾತು ಕೇಳಬಹುದಿತ್ತು ಕಣೇ. ಕೇಳಲೇ ಇಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಂಡಳು.

"ನಿನ್ನ ಬಾಳಿಗೂ ನಾನೇ ಕಲ್ಲು ಹಾಕಿದೆ. ಹೌದೋ ಅಲ್ವೋ?"

ನಾನು ಕಣ್ಣೊರೆಸಿಕೊಂಡೆ.

"ನನ್ನ ಹತ್ರ ನಿಂತು ಏನು ಅಳ್ತೀಯ? ಆರ್ಗನ್ ಇನ್ನೂ ನಿಂತಿಲ್ಲ, ಕೇಳಿಸ್ತಾ? ಎಲ್ಲರೂ ಹೋದ್ರೂ ನುಡಿಸ್ತಾನೇ ಇದಾನೆ. ಹೋಗು ಮೇಲೆ."

ಹೋದೆ. ನನ್ನನ್ನು ನೋಡಿ ಅವರು ಕೈ ತೆಗೆದರು. ಕೊಳವೆಗಳಲ್ಲಿ ಉಳಿದಿದ್ದ ಗಾಳಿ ಸಣ್ಣಗೆ ಉಸಿರು ಬಿಟ್ಟಿತು.

"ಅಣ್ಣ ಅಂದದ್ದು ಅದಕ್ಕಾ?" ಎಂದರು.

"ಅದಕ್ಕೇ. ಸೆಮಿನರೀಲಿ ಓದಿದೋರು, ನಿಮಗೆ ಕಾನೂನು ಗೊತ್ತಿತ್ತಲ್ಲ, ಹೇಳಬಾರದಿತ್ತಾ?"

"ಕಾನೂನು ನೆನಪಾದ್ರೆ ತಾನೇ? ಹೆಂಗಸು ಅಣ್ಣ ಅಂದ್ಲು ಅಂದ್ರೆ ಬೇಡ ಅಂತ ಮರ್ಯಾದೆಯಾಗಿ ಹೇಳಿದ್ಲು ಅಂತ ಅರ್ಥ. ಮೇಲೆ ಬಿದ್ದು ಕೇಳೋಕೆ ನಾನೇನು ಮಾನಗೆಟ್ಟೋನಾ?"

"ಎಂಥಾ ಪೆದ್ದರು ನೀವು."

"ಲ್ಯಾಟಿನ್ ಟೀಚರ್ರು ಮಹಾ ಬುದ್ಧಿವಂತರು" ಎಂದರು. ಇಬ್ಬರಿಗೂ ನಗು ಬಂತು, ಬಂದ ಹಾಗೇ ಹೋಯಿತು. ಹೋದ ವರ್ಷಗಳು ನಗುವಂಥವಾಗಿರಲಿಲ್ಲ.

ಈಗ ಕೇಳದಿದ್ದರೆ ಇನ್ನಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ದೇವರ ಜೊತೆ ಪೈಪೋಟಿಗೆ ಇಳಿಯುವ ಹೆಂಗಸಲ್ಲ ನಾನು. ಅವನು ಕರೆದಿದ್ದರೆ ದಾರಿ ಬಿಡಬೇಕು, ಮತ್ತೆ ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣಬೇಕು.

"ಒಂದು ನಿಜ ಹೇಳಿ" ಎಂದೆ. "ಮಠಕ್ಕೆ ಹೊರಟಿರೋದು ದೇವರು ಕರೆದ ಅಂತನಾ, ಇಲ್ಲಿ ಯಾರೂ ಕರೀಲಿಲ್ಲ ಅಂತನಾ?"

ಅವರು ಮುಂದಿದ್ದ ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುವಿ ಮುಚ್ಚಿಟ್ಟರು. ಬೇಗ ಉತ್ತರ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

"ನಾನು ಮನೆಗೆ ಹೋದ್ರೆ ಲೈಟ್ ಹಾಕಿರೋರು ಯಾರೂ ಇರಲ್ಲ" ಎಂದರು ಕೊನೆಗೆ. "ಅಲ್ಲಾದ್ರೆ ಊಟಕ್ಕೆ ಗಂಟೆ ಆದ್ರೂ ಹೊಡೀತಾರೆ ಅಂದ್ಕೊಂಡೆ. ದೇವರಿಗೂ ಅದನ್ನೇ ಹೇಳಿದೀನಿ, ಅವನಿಗೆ ಸುಳ್ಳು ಹೇಳಿಲ್ಲ."

"ಹಾಗಾದ್ರೆ ಏಳಿ" ಎಂದೆ. "ನಮ್ಮನೇಲಿ ಊಟ ಮಾಡಿ. ಇವತ್ತೂ, ನಾಳೇನೂ."

ಅವರು ಆರ್ಗನ್ ಮುಚ್ಚಿ ಎದ್ದು ನಿಂತರು. ಹತ್ತಿರ ಬಂದು ನನ್ನ ಕೈ ಹಿಡಿದರು. ಬೆರಳು ತಣ್ಣಗಿತ್ತು, ಹಿಡಿತ ಬಿಗಿಯಾಗಿತ್ತು.

"ಮಠದ ಹಿರಿಯರು ನನಗೆ ಕೋಣೆ ಗುಡಿಸಿ ಇಟ್ಟಿದಾರಂತೆ. ಅವರಿಗೇನು ಹೇಳಲಿ?"

"ಇದ್ದದ್ದು ಹೇಳಿ."

"ಏನಂತ?"

"ಕರೆದರು, ಹೋದೆ ಅಂತ."