ಹನ್ನೊಂದು ಮರುಖರೀದಿ, ಹತ್ತು ಮಾರಾಟ

ಪಾರ್ಸೆಲ್ ಗೋದಾಮಿನ ಗೋಡೆಯ ಪರದೆಯನ್ನು ಮೊದಲು ನೋಡಿದವಳು ಚೀಟಿ ಅಕ್ಕ. ಹದಿನೆಂಟು ವರ್ಷದಿಂದ ಡಬ್ಬಗಳಿಗೆ ವಿಳಾಸದ ಚೀಟಿ ಅಂಟಿಸುತ್ತಿದ್ದುದರಿಂದ ಅವಳಿಗೆ ಆ ಹೆಸರು. ನಿನ್ನೆ ಸಂಜೆ ನೂರು ರೂಪಾಯಿ ಇದ್ದ, ಕಂಪನಿಯೇ ಹೊರಡಿಸಿದ ಡಿಜಿಟಲ್ ಟೋಕನ್ನಿನ ಬೆಲೆ ಬೆಳಗಾಗುವಷ್ಟರಲ್ಲಿ ಮೂರಕ್ಕೆ ಇಳಿದಿತ್ತು.

ತಾನಿರುವ ಬಾಡಿಗೆ ಮನೆಯನ್ನೇ ಕೊಳ್ಳಬೇಕೆಂದು ಅವಳು ಕೂಡಿಟ್ಟದ್ದೆಲ್ಲ ಅದರಲ್ಲಿತ್ತು. ಮುಂಗಡ ಕೊಡಲು ಉಳಿದಿದ್ದು ಹತ್ತೇ ದಿನ.

ಮಧ್ಯಾಹ್ನ ಭೂತಗನ್ನಡಿಯಮ್ಮ ಬಂದಳು. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಸುಳ್ಳು ಅರ್ಜಿಗಳನ್ನು ಹಿಡಿದವಳು. ಕಂಪನಿಯ ಯಜಮಾನ ಅವಳ ತಮ್ಮನೇ. ತಮ್ಮನೆಂದು ಸಡಿಲ ಬಿಡುವವಳಲ್ಲ. ಹೋದ ವರ್ಷ ಈ ಟೋಕನ್ ಕೊಳ್ಳಬಹುದೇ ಎಂದು ಕೆಲಸಗಾರರು ಕೇಳಿದಾಗ, ಪರೀಕ್ಷಿಸಿ ‘ಸುಳ್ಳಿಲ್ಲ’ ಎಂದವಳೂ ಅವಳೇ. 

ಕಂಪ್ಯೂಟರ್ ನೋಡಿಕೊಳ್ಳುವವನನ್ನು ಮೊದಲು ಕೂರಿಸಿದಳು.

“ತಿಂಗಳು ತಿಂಗಳು ಮರುಖರೀದಿ ಮಾಡ್ತಿದ್ದದ್ದು ನೀನೇ ತಾನೆ?”

“ಹೌದಮ್ಮ. ಲಾಭದಲ್ಲಿ ಒಂದು ಪಾಲು ತೆಗೆದು ಮಾರುಕಟ್ಟೆಯಿಂದ ನಮ್ಮ ಟೋಕನ್ನೇ ವಾಪಸ್ ಕೊಳ್ತಿದ್ವಿ. ಆಮೇಲೆ ಸುಡ್ತಿದ್ವಿ.”

“ಸುಡೋದು ಅಂದ್ರೆ?” ಚೀಟಿ ಅಕ್ಕ ಕೇಳಿದಳು.

“ಯಾರೂ ತೆಗೆಯೋಕಾಗದ ಖಾತೆಗೆ ಹಾಕಿಬಿಡೋದು. ಟೋಕನ್ ಕಮ್ಮಿ ಆದಷ್ಟೂ ಉಳಿದವಕ್ಕೆ ಬೆಲೆ ಜಾಸ್ತಿ ಅಂತ.”

“ಮರುಖರೀದಿಯಂತೆ. ನಮ್ಮ ಪಾಲಿಗೆ ಮರುಳು ಖರೀದಿ.” ಚೀಟಿ ಅಕ್ಕ ಗೊಣಗಿದಳು.



“ಯಾವ ದಿನ, ಎಷ್ಟು ಹೊತ್ತಿಗೆ ಕೊಳ್ತೀರಿ ಅಂತ ಯಾರಿಗೆ ಗೊತ್ತಿರ್ತಿತ್ತು?” ಭೂತಗನ್ನಡಿಯಮ್ಮ ಕೇಳಿದಳು.

“ನನಗೆ. ಯಜಮಾನರಿಗೆ. ಅಮ್ಮ, ನಾನೇನೂ—”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡ. ಕೂತ್ಕೋ.”

ವಹಿವಾಟಿನ ದಾಖಲೆ ಯಾರು ಬೇಕಾದರೂ ತೆರೆದು ನೋಡುವಂಥದ್ದು. ಖಾತೆಗಳಿಗೆ ಹೆಸರು ಮಾತ್ರ ಇರುವುದಿಲ್ಲ. ಕಂಪನಿ ಕೊಂಡದ್ದು ನಿಜ. ಸುಟ್ಟದ್ದೂ ನಿಜ. ಹೋದ ವರ್ಷ ಅಷ್ಟನ್ನೇ ನೋಡಿ ಎದ್ದುಬಂದಿದ್ದಳು, ಬೆಳ್ಳಗಿರುವುದೆಲ್ಲ ಹಾಲೆಂದು ನಂಬಿ. ಈ ಸಲ ಆಚೆ ಬದಿಯನ್ನು, ಮಾರಿದವರ ಖಾತೆಗಳನ್ನು ನೋಡಿದಳು. ಒಂದೇ ಖಾತೆ ಮತ್ತೆ ಮತ್ತೆ ಕಾಣಿಸಿತು. ಅದು ಮಾರದೆ ಬಿಟ್ಟ ತಿಂಗಳೊಂದೇ. ಆ ದಿನಾಂಕ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದಳು.

“ಆ ವಾರ ನೀನು ರಜದಲ್ಲಿದ್ಯಾ?” ಕಂಪ್ಯೂಟರಿನವನನ್ನು ಕೇಳಿದಳು.

“ಇಲ್ಲಮ್ಮ, ದಿನಾ ಇಲ್ಲೇ ಇದ್ದೆ.”

ಇದ್ದೆ ಎನ್ನದೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು. ತಮ್ಮನನ್ನು ಕರೆಸಿದಳು.

“ಹನ್ನೊಂದು ಸಲ ಕಂಪನಿ ಕೊಂಡಿತು. ಕೊಂಡವರು ಯಾರು ಅಂತ ಎಲ್ಲರೂ ನೋಡಿದ್ರು. ಮಾರಿದವರು ಯಾರು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹತ್ತು ಸಲ ಒಂದೇ ಖಾತೆ, ಕಂಪನಿ ಕೊಳ್ಳೋ ನಿಮಿಷಕ್ಕೆ ಸರಿಯಾಗಿ ಮಾರಿದೆ. ಒಂದು ಸಲ ಮಾತ್ರ ಮಾರಿಲ್ಲ.”

“ಯಾವಾಗ?” ತಮ್ಮ ಕೇಳಿದ.

“ನಿನ್ನ ಕಣ್ಣಿನ ಆಪರೇಷನ್ ಆದ ವಾರ. ಎರಡು ಕಣ್ಣಿಗೂ ಪಟ್ಟಿ. ನಿನ್ನ ಫೋನ್ ನನ್ನ ಚೀಲದಲ್ಲಿತ್ತು. ಊಟ ಮಾಡಿಸಿದವಳು ನಾನೇ ಕಣೋ.”

ಅವಳು ದಾಖಲೆಯನ್ನು ಅವನ ಕಡೆ ತಿರುಗಿಸಿದಳು.

“ನಿನ್ನ ಪಾಲಿನ ಟೋಕನ್ನ ಮೂರು ವರ್ಷ ಮಾರಲ್ಲ ಅಂತ ನೀನೇ ಬರೆದುಕೊಟ್ಟಿದ್ದೆ. ಕದ್ದು ಬೇರೆ ಖಾತೆ ಮಾಡಿದೆ. ಕಂಪನಿ ದುಡ್ಡಲ್ಲಿ ನಿನ್ನ ಟೋಕನ್ನೇ ಕೊಳ್ಳಿಸಿದೆ. ಲಾಭ ನಿಂತು, ಇನ್ನು ಮರುಖರೀದಿ ಇಲ್ಲ ಅಂತಾದ್ಮೇಲೆ ನಿನ್ನೆ ಉಳಿದದ್ದನ್ನೂ ಸುರಿದೆ. ಹೌದೋ ಅಲ್ವೋ?”

“ವ್ಯಾನುಗಳ ಸಾಲ ಇತ್ತಕ್ಕ. ಕಂಪನಿ ಮುಳುಗಿದ್ರೆ ಇವರೆಲ್ಲರ ಕೆಲಸ ಹೋಗ್ತಿತ್ತು.”

“ಬೇಲಿ ಎದ್ದು ಹೊಲ ಮೇಯ್ದು, ಹೊಲ ಉಳಿಸೋಕೇ ಮೇಯ್ದೆ ಅಂತಂತೆ.”

ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು. ಸೆರಗಿನಿಂದ ಒರೆಸಿಕೊಂಡು ಚೀಟಿ ಅಕ್ಕನ ಕಡೆ ತಿರುಗಿದಳು.

“ದೂರು ನಾನೇ ಬರೆದುಕೊಡ್ತೀನಿ. ಇವನ ಹೆಸರನ್ನೂ ನಾನೇ ಹೇಳ್ತೀನಿ. ಆದ್ರೆ ಹತ್ತರಲ್ಲಿ ಎರಡು ಪಾಲು ವಾಪಸ್ ಬಂದ್ರೆ ಹೆಚ್ಚು. ಇವನನ್ನ ನಂಬಿ ಕೆಟ್ಟೆ ತಾಯಿ ನೀನು.”

ಚೀಟಿ ಅಕ್ಕ ಅಲ್ಲವೆಂದು ನಿಧಾನವಾಗಿ ತಲೆಯಾಡಿಸಿದಳು.

“ಯಜಮಾನರನ್ನ ನಂಬಿ ನಾನು ಒಂದು ಟೋಕನ್ನೂ ಕೊಂಡಿರಲಿಲ್ಲಮ್ಮ. ನೀವು ಸುಳ್ಳಿಲ್ಲ ಅಂದ್ರಲ್ಲ, ಅದಕ್ಕೆ ಕೊಂಡೆ.”