ಕಾವಲಿಯ ಮುಂದೆ ಔಷಧ-ಡಾಬು

ಸರ್ವಮಂಗಳಾ ಕಾವಲಿಯ ಮೇಲೆ ಹಿಟ್ಟು ಹರಡುತ್ತಿದ್ದಾಗ ಸೀರೆಯೊಳಗಿನ ಔಷಧ-ಡಾಬು ಸಣ್ಣಗೆ ಗುಂಯ್‌ಗುಟ್ಟಿತು. ನಡುವಿಗೆ ಕಟ್ಟಿಕೊಳ್ಳುವ ಈ ಪಟ್ಟಿ ಹೊಟ್ಟೆಯೊಳಗೆ ಎಲ್ಲಿ ಉರಿಯೂತ ಏಳುತ್ತಿದೆ ಎಂದು ತಾನೇ ಕಂಡುಕೊಂಡು, ಅಲ್ಲಿಗಷ್ಟೇ ಸ್ಟ್ಯಾಟಿನ್ ಎಂಬ ಔಷಧಿ ಕಳಿಸುತ್ತಿತ್ತು.

"ಬೆಣ್ಣೆ ದೋಸೆ ಮಾರೋಳಿಗೆ ಕೊಬ್ಬು ಇಳಿಸೋ ಔಷಧಿ! ದಾವಣಗೆರೆ ತುಂಬಾ ನಗ್ತಾರ್ ನೋಡ್ರಿ, ಡಾಕ್ಟ್ರಮ್ಮ."

"ಅದು ಅದರ ಹಳೇ ಕೆಲಸ, ಮಂಗಳಕ್ಕ," ಎಂದರು ಡಾಬನ್ನು ರೂಪಿಸಿದ ಡಾ. ನುಸ್ರತ್. "ಗರ್ಭಕೋಶದ ಒಳಪದರದಂಥದ್ದೇ ಒಂದು ಪದರ ನಿಮಗೆ ಗರ್ಭಕೋಶದ ಹೊರಗೂ ಬೆಳೆದಿದೆ. ತಿಂಗಳು ತಿಂಗಳು ಅದೂ ಊದ್ಕೊಳ್ಳುತ್ತೆ. ಎಂಡೊಮೆಟ್ರಿಯೊಸಿಸ್ ಅಂದ್ರೆ ಇದೇ. ಈ ಔಷಧಿ ಆ ಬೆಳವಣಿಗೆನ ತಡೆಯುತ್ತೆ."

"ನಮ್ಮತ್ತಿ ಮಾತ್ರ, ಈ ನೋವು ಹೆಂಗಸರಿಗೆಲ್ಲ ಇದ್ದದ್ದೇ ಅಂತಿದ್ರು."

"ಆ ಮಾತಿಗೆ ಔಷಧಿ ಇನ್ನೂ ಸಿಕ್ಕಿಲ್ಲ."

ಇಬ್ಬರೂ ನಕ್ಕರು. ಆದರೆ ಸರ್ವಮಂಗಳಾಳ ಒಳಗೆ ಅಳುಕಿತ್ತು. ಪ್ರತಿ ತಿಂಗಳೂ ಹೋಟೆಲಿನ ಬಾಗಿಲಿಗೆ 'ಊರಿಗೆ ಹೋಗಿದ್ದೇವೆ' ಎಂಬ ಹಲಗೆ ತೂಗುಹಾಕಿ, ಒಳಕೋಣೆಯಲ್ಲಿ ನೋವಿಗೆ ದಿಂಬು ಕಚ್ಚಿಕೊಂಡು ಮಲಗುತ್ತಿದ್ದಳು. ಈ ಡಾಬೂ ಕೈಕೊಟ್ಟರೆ ಹೋಟೆಲನ್ನೇ ಬಿಡಬೇಕಿತ್ತು.

ನಿಂತು ದುಡಿಯುವಾಗಲೇ ಪರೀಕ್ಷಿಸಬೇಕೆಂದು ನುಸ್ರತ್ ದಿನವೂ ಬೆಳಿಗ್ಗೆ ಕಾವಲಿಯ ಬಳಿಗೇ ಬರುತ್ತಿದ್ದರು. ಬಂದವರನ್ನು ತಿನ್ನಿಸದೆ ಕಳಿಸುವುದು ಆ ಹೋಟೆಲಿನಲ್ಲಿ ಇಲ್ಲವೇ ಇಲ್ಲ. ಬೇಡವೆಂದರೆ ಬೆಣ್ಣೆ ಇನ್ನೊಂದು ಉಂಡೆ ಹೆಚ್ಚು ಬೀಳುತ್ತಿತ್ತು.

ನಾಲ್ಕನೆಯ ತಿಂಗಳು ಮುಟ್ಟಿನ ದಿನ ಬಂತು. ನೋವು ಬರಲಿಲ್ಲ. ಸರ್ವಮಂಗಳಾ ಮೊದಲು ನಂಬದೆ ಹೊಟ್ಟೆ ಮುಟ್ಟಿ ನೋಡಿಕೊಂಡಳು. ಆಮೇಲೆ ನಗು ಉಕ್ಕಿತು, ತಡೆಯಲಾಗಲಿಲ್ಲ. ಸಟ್ಟುಗ ಮೇಲಕ್ಕೆಸೆದು ಹಿಡಿದಳು. ಗಿರಾಕಿಗಳಿಗೆ ದೋಸೆಯ ಮೇಲೆ ದೋಸೆ. ಹೋಟೆಲು ತಿಂಗಳುಗಟ್ಟಲೆ ರಜೆಯಿಲ್ಲದೆ ನಡೆಯಿತು.

ಆಗ ಒಂದು ಬೆಳಿಗ್ಗೆ ನುಸ್ರತ್ ಮುಖ ಸಣ್ಣದು ಮಾಡಿಕೊಂಡು ಬಂದರು.

"ಯಾಕ್ರೀ, ಡಾಬು ಕೆಟ್ಟಿತೇನು?"

"ಡಾಬು ಚೆನ್ನಾಗಿದೆ. ಕೆಟ್ಟಿರೋದು ನನ್ನ ರಕ್ತ. ಕೊಲೆಸ್ಟರಾಲ್! ಈಗ ನಾನೇ ದಿನಾ ಸ್ಟ್ಯಾಟಿನ್ ಮಾತ್ರೆ ನುಂಗಬೇಕಂತೆ, ಅದರ ಹಳೇ ಕೆಲಸಕ್ಕೆ! ಔಷಧಿ ಅಂಗಡಿ ಸಾಲಲ್ಲಿ ನಿಮ್ಮ ಖಾಯಂ ಗಿರಾಕಿಗಳೂ ಅದೇ ಮಾತ್ರೆಗೆ ನಿಂತಿದ್ರು. ಮುಂಚೆ ತಿಂಗಳಿಗೊಮ್ಮೆಯಾದ್ರೂ ಬಾಗಿಲು ಹಾಕ್ತಿದ್ರಿ, ಬದುಕಿದ್ವಿ!"

ಸರ್ವಮಂಗಳಾ ಬಿದ್ದುಬಿದ್ದು ನಕ್ಕಳು. ಆಮೇಲೆ ಒಲೆ ಆರಿಸಿ, ಧೂಳು ಹಿಡಿದಿದ್ದ ಹಲಗೆಯನ್ನು ಸೆರಗಿನಿಂದ ಒರೆಸಿ ಬಾಗಿಲಿಗೆ ತೂಗುಹಾಕಿದಳು.

'ಊರಿಗೆ ಹೋಗಿದ್ದೇವೆ.'

ಮಧ್ಯಾಹ್ನ ಚಿತ್ರದುರ್ಗದ ಕೋಟೆಯ ಮೆಟ್ಟಿಲುಗಳನ್ನು ಅವಳು ಸೀರೆ ಎತ್ತಿಕಟ್ಟಿ ಹುಡುಗಿಯಂತೆ ಹತ್ತುತ್ತಿದ್ದಳು. ಬಹಳ ಕೆಳಗೆ, ಕೊಬ್ಬು ಕರಗಿಸಲೆಂದು ಅವಳೇ ಎಳೆತಂದಿದ್ದ ನುಸ್ರತ್ ಬಂಡೆ ಹಿಡಿದು ಏದುಸಿರು ಬಿಡುತ್ತಿದ್ದರು.

"ಬರ್ರಿ ಡಾಕ್ಟ್ರಮ್ಮ, ಹೆಂಗಸರಿಗೆಲ್ಲ ಇದ್ದದ್ದೇ!"